ಕಾಲೇಜಿನ ಮೆಟ್ಟಿಲಿಂದ ಬಿದ್ದ ಪೌಲೋಸ್

ಕೇರಳದ ಚಾಲಕುಡಿಯ ಪೌಲೋಸನಿಗೆ ಬೀಳುವುದೇ ಕಸುಬು. ಮಲಯಾಳಂ ಸಿನಿಮಾಗಳಲ್ಲಿ ನಾಯಕನ ಒದೆ ತಿಂದು ಗಾಜಿನೊಳಗಿಂದ ಹಾರುವವನು, ಜೀಪಿನ ಮೇಲಿಂದ ಉರುಳುವವನು ಅವನೇ. ಮುಖ ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ. ಚಹಾದಂಗಡಿಯಲ್ಲಿ ಯಾರಾದರೂ, "ನಿನ್ನೆ ಯಾರ ಕೈಲಿ ತಿಂದ್ಯೋ?" ಎಂದು ಕೆಣಕಿದರೆ, "ನಿನ್ನ ಹೆಂಡ್ತಿ ಕೈಲಂತೂ ಅಲ್ಲ ಬಿಡು, ಅದು ನಿನಗೇ ಮೀಸಲು" ಎನ್ನುತ್ತಿದ್ದ.

ಐವತ್ತು ದಾಟಿದ ಮೇಲೆ ಅವನಿಗೊಂದು ಕಾಲೇಜು ಕಥೆಯ ಸಿನಿಮಾದಲ್ಲಿ ಕೆಲಸ ಸಿಕ್ಕಿತು. ಅವನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಎರಡು ವಿದ್ಯಾರ್ಥಿ ಸಂಘಗಳ ಹೊಡೆದಾಟದ ದೃಶ್ಯಕ್ಕೆ ನಿರ್ದೇಶಕ ಅಲ್ಲಿನ ನಿಜವಾದ ಎರಡು ಸಂಘಗಳ ಹುಡುಗರನ್ನೇ ಆರಿಸಿದ್ದ. ಅವರ ನಡುವೆ ಚುನಾವಣೆಯ ಹಗೆ ಇನ್ನೂ ಹಸಿಯಾಗಿತ್ತು. "ಸಿಟ್ಟು ಸಹಜವಾಗಿ ಬರುತ್ತೆ" ಎಂಬುದು ನಿರ್ದೇಶಕನ ಲೆಕ್ಕ.

ಪೌಲೋಸನಿಗೆ ಅದು ಹಿಡಿಸಲಿಲ್ಲ. "ಹೊಡೆಯೋನಿಗೆ ಸಿಟ್ಟಿರಬಾರದು ಮಕ್ಳೇ. ಸಿಟ್ಟು ಬಂದ್ರೆ ಅಳತೆ ತಪ್ಪುತ್ತೆ" ಎಂದು ಹುಡುಗರಿಗೆ ಹೇಳಿ, ಮುಷ್ಟಿಯನ್ನು ಮುಖದಿಂದ ಗೇಣು ದೂರದಲ್ಲೇ ನಿಲ್ಲಿಸುವುದನ್ನು ತೋರಿಸಿಕೊಟ್ಟ.

ಕ್ಯಾಮೆರಾ ಓಡತೊಡಗಿತು. ಸನೋಜ್ ಎಂಬವನ ಮುಷ್ಟಿ ನಿಲ್ಲಲಿಲ್ಲ. ಎದುರು ಸಂಘದ ಜಿಬಿನನ ತುಟಿ ಒಡೆಯಿತು.

"ಬೇಕಂತ್ಲೇ ಹೊಡ್ದ ಕಣ್ರೋ!" ಎಂದು ಜಿಬಿನ್ ತನ್ನವರಿಗೆ ಕೂಗಿದ.

ದೃಶ್ಯಕ್ಕೆಂದು ಕೊಟ್ಟಿದ್ದ ರಬ್ಬರು ದೊಣ್ಣೆಗಳು ಮೂಲೆ ಸೇರಿದವು. ಮುರಿದ ಕುರ್ಚಿಯ ಕಾಲುಗಳು ಕೈಗೆ ಬಂದವು. ನಿರ್ದೇಶಕನ ಕೂಗು ಯಾರ ಕಿವಿಗೂ ಬೀಳಲಿಲ್ಲ. ಮೆಟ್ಟಿಲ ತುದಿಯಲ್ಲಿ ಪೌಲೋಸ್ ಸನೋಜ್ ಮತ್ತು ಜಿಬಿನನ ನಡುವೆ ನುಗ್ಗಿದ. ಸನೋಜ್ ಬೀಸಿದ ಮರದ ತುಂಡು ಅವನ ಭುಜಕ್ಕೆ ಬಡಿಯಿತು. ನಿಂತು ತಡೆದುಕೊಳ್ಳಬಹುದಾದ ಪೆಟ್ಟೇ ಅದು. ಆದರೆ ಸಿಟ್ಟು ಇಳಿಯದ ಆ ಮುಖಗಳನ್ನು ಒಮ್ಮೆ ನೋಡಿದ ಪೌಲೋಸ್ ಕಿರುಚಿ ಹಿಂದಕ್ಕೆ ಹಾರಿದ. ಮೆತ್ತೆ ಹಾಸಿರದ ಕಲ್ಲಿನ ಮೆಟ್ಟಿಲುಗಳ ಮೇಲೆ ಉರುಳುರುಳಿ ಕೆಳಗೆ ಬಂದು, ಕತ್ತು ವಾಲಿಸಿ ಮಲಗಿಬಿಟ್ಟ.

ಕುರ್ಚಿಯ ಕಾಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಸನೋಜ್ ಅಳುತ್ತಾ ಓಡಿಬಂದ. "ಚೇಟ್ಟಾ, ಅಣ್ಣಾ, ನಿಮಗಲ್ಲ ಹೊಡೆದದ್ದು!" ಜಿಬಿನ್ ನೀರು ತಂದ. ಇಬ್ಬರೂ ಸೇರಿ ಅವನ ತಲೆಯೆತ್ತಿದರು.

ಪೌಲೋಸ್ ಒಂದು ಕಣ್ಣು ತೆರೆದ. "ಕುತ್ತಿಗೆ ಬಿಡ್ರೋ, ಕಚಗುಳಿ ಆಗ್ತಿದೆ."

ಯಾರೋ ನಕ್ಕರು. ಎದ್ದು ಕೂರಲು ಹೋದಾಗಲೇ ಅವನಿಗೆ ತಿಳಿದದ್ದು, ಎಡ ಭುಜದ ಕೊರಳೆಲುಬು ನಿಜವಾಗಿಯೂ ಮುರಿದಿದೆ ಎಂದು. ಆಸ್ಪತ್ರೆಗೆ ಕರೆದೊಯ್ದದ್ದು ಆ ಇಬ್ಬರೇ. ದಾರಿಯಲ್ಲಿ ಪರಸ್ಪರ ಮಾತಾಡಲಿಲ್ಲ, ಜಗಳವನ್ನೂ ಆಡಲಿಲ್ಲ.

ಕ್ಯಾಮೆರಾ ನಿಂತಿರಲಿಲ್ಲ. ನಿರ್ದೇಶಕ ಆ ಬೀಳುವಿಕೆಯನ್ನು ಸಿನಿಮಾದಲ್ಲಿ ಹಾಗೇ ಉಳಿಸಿಕೊಂಡ. ಚಾಲಕುಡಿಯ ಚಿತ್ರಮಂದಿರದಲ್ಲಿ ಶಿಳ್ಳೆಗಳೆಲ್ಲ ನಾಯಕನಿಗೆ ಸಂದವು. ಹೆಂಡತಿ ಕೊಚ್ಚುತ್ರೇಸ್ಯಾ ಮಾತ್ರ ಕತ್ತಲಲ್ಲಿ ಅವನ ಕಡೆ ತಿರುಗಿದಳು.

"ಕೆಳಗೆ ಏನೂ ಹಾಸಿರಲಿಲ್ಲ, ಅಲ್ವಾ?"

"ಇಲ್ಲ."

"ಇನ್ನು ಸಾಕು."

ಪೌಲೋಸ್ ಸಿನಿಮಾಗಳಲ್ಲಿ ಬೀಳುವುದನ್ನು ಬಿಟ್ಟ. ಈಗ ಇಗರ್ಜಿಯ ಹಿಂದಿನ ಬಯಲಲ್ಲಿ ಹೊಸಬರಿಗೆ ಬೀಳುವುದನ್ನು ಕಲಿಸುತ್ತಾನೆ. ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಬಲಗೈಯಲ್ಲೇ ತೋರಿಸಿ ಹೇಳುತ್ತಾನೆ, "ಮೊದಲು ಕೆಳಗೆ ಏನು ಹಾಸಿದೆ ನೋಡ್ಕೊಳ್ಳಿ ಮಕ್ಳೇ."