ಗೋಡೆಗೆ ಮುಖ ಮಾಡಿದ ಸೌಟುಗಳು

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ನಮ್ಮೂರು ಐವರ್ನಾಡಿನ ಹಾಲಿನ ಸೊಸೈಟಿಯಲ್ಲಿ ಇಪ್ಪತ್ತಾರು ವರ್ಷ ಹಾಲು ಪರೀಕ್ಷೆ ಮಾಡಿದ್ದೇನೆ. ಬೆಳಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು, ಅಲ್ಲಿ ಯಾರೋ ಕಾಣಿಸಿದರಂತೆ, ಇಲ್ಲಿ ಯಾರೋ ಕರೆದರಂತೆ ಎಂದು ಶುರು ಮಾಡಿದರೆ, "ಮೊದಲು ನಿಮ್ಮ ಹಾಲಲ್ಲಿ ನೀರೆಷ್ಟು ಉಂಟು ಹೇಳಿ, ಮತ್ತೆ ಪ್ರೇತದ್ದು ಮಾತಾಡುವ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಇದು ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಅಕ್ಕ ದೇವಕಿ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನಗೆ ಆರು ವರ್ಷವಿದ್ದಾಗ ಅಮ್ಮ ತೀರಿಕೊಂಡರು, ಮತ್ತೆ ನನ್ನನ್ನು ಸಾಕಿದ್ದು ಅವಳೇ. ಸುಳ್ಯದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದಳು, ಮದುವೆಯಾಗಲಿಲ್ಲ. ನನ್ನ ಗಂಡ ತೀರಿಹೋದ ಮೇಲೆ ನನ್ನ ಜೊತೆ ಬಂದು ನಿಂತಳು. ಆಮೇಲೆ ಅವಳಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗ್ಗೆ ಹೋದವು. ಎರಡು ವರ್ಷ ಅವಳನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು ಎಲ್ಲ ನಾನೊಬ್ಬಳೇ ಮಾಡಿದೆ. ಕೊನೆಗೆ ನನ್ನ ಬೆನ್ನಿನ ಡಿಸ್ಕ್ ಜಾರಿತು. ಇನ್ನು ಒಂದು ಕೊಡಪಾನ ನೀರನ್ನೂ ಎತ್ತಬಾರದು ಎಂದರು ಡಾಕ್ಟರು.

ಹಾಗೆ, ಅಕ್ಕನಿಗೆ ಗೊತ್ತಾಗದಂತೆ, ಹಿರಿಯರನ್ನು ನೋಡಿಕೊಳ್ಳುವ ಮನೆಯೊಂದನ್ನು ಹುಡುಕತೊಡಗಿದೆ. ಫೋನಿನಲ್ಲಿ ಮಾತಾಡಬೇಕಾದರೆ ದನದ ಹಟ್ಟಿಯ ಹಿಂದೆ ಹೋಗುತ್ತಿದ್ದೆ. ಅಲ್ಲಿ ನಿಂತು ಒಂದು ದಿನ ಗೆಳತಿಯೊಬ್ಬಳ ಹತ್ತಿರ, ನನಗೆ ಇವಳು ಸಾಕಾಗಿ ಹೋಗಿದ್ದಾಳೆ ಎಂದೂ ಹೇಳಿದ್ದೇನೆ. ಅಕ್ಕನಿಗೆ ಮಾತು ಬಾರದು, ಅವಳನ್ನು ಕೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜವೆಂದರೆ ಅವಳು ಹೌದು, ಅಲ್ಲ ಎಂದು ತಲೆ ಅಲ್ಲಾಡಿಸಬಲ್ಲಳು. ನನಗೇ ಕೇಳುವ ಮುಖವಿರಲಿಲ್ಲ.

ಹಾಲು ಪರೀಕ್ಷೆ ಮಾಡಿದವರಿಗೆ ಒಂದು ಗೊತ್ತಿರುತ್ತದೆ. ಇನ್‌ಸ್ಪೆಕ್ಟರು ಬರುವ ದಿನ ಎಲ್ಲರ ಹಾಲೂ ಗಟ್ಟಿ. ಹಾಗಾಗಿ ನಾನು ಮುಂಚಿತವಾಗಿ ತಿಳಿಸದೆ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಹೋಗುತ್ತಿದ್ದೆ. ಪುತ್ತೂರಿನ ಕಡೆ ನೋಡಿದ ಮನೆಯಲ್ಲಿ ನೆಲವೇನೋ ಫಳಫಳ ಹೊಳೆಯುತ್ತಿತ್ತು, ಆದರೆ ಮಂಚಕ್ಕೂ ನೀರಿನ ಲೋಟಕ್ಕೂ ನಾಲ್ಕು ಹೆಜ್ಜೆ ದೂರ. ಮಲಗಿದವರ ಕೈಗೆ ಎಟುಕದ ನೀರು ಯಾರಿಗೆ? ಗುಂಡ್ಯದ ದಾರಿಯಲ್ಲಿ ನೋಡಿದ ಇನ್ನೊಂದರಲ್ಲಿ ಫಿನಾಯಿಲಿನ ವಾಸನೆ ಮೂಗಿಗೆ ಬಡಿಯಿತು. ಇಷ್ಟು ಸುರಿದಿದ್ದಾರೆಂದರೆ ಏನನ್ನೋ ಮುಚ್ಚುತ್ತಿದ್ದಾರೆ ಅನಿಸಿ ಒಬ್ಬ ಅಜ್ಜನ ಹೊದಿಕೆ ಸರಿಸಿದೆ. ಹಿಮ್ಮಡಿ ಹುಣ್ಣಾಗಿತ್ತು. ಹೊರಗೆ ಬಂದು ಬಸ್ಸು ಕಾಯುತ್ತಾ ಒಬ್ಬಳೇ ಅತ್ತೆ.

ಮೂರನೆಯದು ಕಡಬದ ಹತ್ತಿರ. ನಡೆಸುವವರು ಲೀಲಮ್ಮ ಎಂಬವರು, ಅಪ್ಪನ ಕಾಲಕ್ಕೆ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬದವರು, ಹಿಂದೆ ನರ್ಸ್ ಆಗಿದ್ದವರು. ಒಂದು ಗುರುವಾರ ಎರಡೂವರೆಗೆ ಹೋಗಿ ಬಾಗಿಲಲ್ಲಿಟ್ಟಿದ್ದ ಪುಸ್ತಕದ ಹೊಸ ಪುಟದಲ್ಲಿ ಹೆಸರು ಬರೆದೆ. ನನ್ನನ್ನು ನೋಡಿ ಲೀಲಮ್ಮ ಗಡಿಬಿಡಿ ಮಾಡಲಿಲ್ಲ. "ಒಬ್ಬರಿಗೆ ಬಟ್ಟೆ ಬದಲಿಸ್ತಾ ಇದ್ದೇನೆ. ನೀವು ಎಲ್ಲ ಕಡೆ ನೋಡಿ, ಕೇಳ್ಲಿಕ್ಕೆ ಇದ್ರೆ ಮತ್ತೆ ಕೇಳಿ" ಎಂದರು. ನೋಡಿದೆ. ಎಲ್ಲರ ಉಗುರು ಕತ್ತರಿಸಿದ್ದರು, ನೀರು ಕೈಗೆ ಎಟುಕುತ್ತಿತ್ತು. ಹಾಸಿಗೆ ಹಿಡಿದಿದ್ದ ಒಬ್ಬರು ಅಜ್ಜಿಯ ಹಿಮ್ಮಡಿ ನೋಡಲು ಹೋದರೆ ಅವರು ನನಗೆ ಸರಿಯಾಗಿ ಬೈದರು. ಬೈಯುವ ಧೈರ್ಯ ಇಲ್ಲಿಯವರಿಗೆ ಉಳಿದಿದೆಯಲ್ಲ ಎಂದು ನನಗೆ ಖುಷಿಯೇ ಆಯಿತು.

ಕೊನೆಗೆ ಅಡುಗೆ ಕೋಣೆಗೆ ಹೋದೆ. ಗೋಡೆಯ ಮೊಳೆಗಳಲ್ಲಿ ಆರು ಸೌಟು ನೇತಾಡುತ್ತಿದ್ದವು. ಆರೂ ಗೋಡೆಗೆ ಮುಖ ಮಾಡಿದ್ದವು.

ನಾನು ಅಲ್ಲೇ ನಿಂತುಬಿಟ್ಟೆ. ಸೌಟಿನ ಗುಳಿ ಹೊರಗೆ ಮಾಡಿ ತೂಗುಹಾಕಿದರೆ ಧೂಳು ಕೂರುತ್ತದೆ, ಹಲ್ಲಿ ಗಲೀಜು ಮಾಡುತ್ತದೆ ಎಂಬುದು ಅಕ್ಕನ ಕಾನೂನು. ನನಗೂ ಹಾಸ್ಟೆಲಿನ ಹುಡುಗಿಯರಿಗೂ ಬೈದು ಬೈದು ಕಲಿಸಿದ್ದಳು. ಬೇರೆ ಯಾರ ಮನೆಯಲ್ಲೂ ನಾನು ಹೀಗೆ ನೋಡಿಲ್ಲ. ಯಾರು ಹೇಳಿಕೊಟ್ಟದ್ದು ಎಂದು ಅಡುಗೆಯ ಭವಾನಿಯನ್ನು ಕೇಳಿದೆ.

"ಅದು ನಾನಲ್ಲ ಮಾರಾಯ್ರೆ. ಸೋಮವಾರ ಮಧ್ಯಾಹ್ನ ಒಬ್ಬರು ಅಮ್ಮ ಬಂದಿದ್ರು, ನಿಮ್ಮ ಹಾಗೇ ಜಾಗ ನೋಡ್ಲಿಕ್ಕೆ. ಲೀಲಮ್ಮ ಪೇಟೆಗೆ ಹೋಗಿದ್ರು. ಸೀದಾ ಇಲ್ಲಿಗೆ ಬಂದು ಸೌಟೆಲ್ಲ ತಿರುಗಿಸಿದ್ರು. ಗಂಜಿಗೆ ಮೊದಲೇ ಉಪ್ಪು ಹಾಕುದು ಎಂತಕ್ಕೆ, ಬಿಪಿಯವರು ಇರ್ತಾರಲ್ಲ ಅಂತ ನನಗೆ ಜೋರು ಮಾಡಿದ್ರು. ಹೋಗುವಾಗ ಮಾತ್ರ 'ಅಡ್ಡಿಲ್ಲೆ' ಅಂತ ಹೇಳಿದ್ರು."

"ಅಡ್ಡಿಲ್ಲೆ" ನಮ್ಮ ಅರೆಭಾಷೆಯ ಮಾತು, ಪರವಾಗಿಲ್ಲ ಎಂದು ಅರ್ಥ. ಸುಳ್ಯದ ಕಡೆಯವರು ಯಾರು ಬೇಕಾದರೂ ಹೇಳಬಹುದು. ಆದರೆ ಅಕ್ಕನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಜನ್ಮದಲ್ಲಿ ಕೇಳಿದ್ದಿಲ್ಲ.

ಬಾಗಿಲಿಗೆ ಓಡಿ ಪುಸ್ತಕದ ಹಿಂದಿನ ಪುಟ ತಿರುಗಿಸಿದೆ. ಸೋಮವಾರದ ತಾರೀಕಿಗೆ ಒಂದೇ ಹೆಸರಿತ್ತು. ದೇವಕಿ, ಐವರ್ನಾಡು. ಹೆಸರಿನ ಕೆಳಗೆ ಎರಡು ಗೆರೆ, ಹಾಸ್ಟೆಲಿನ ದಿನಸಿ ಪುಸ್ತಕದಲ್ಲಿ ಅಕ್ಕ ಎಳೆಯುತ್ತಿದ್ದ ಹಾಗೆ. ಅಕ್ಷರ ಅವಳದೇ, ಸ್ಟ್ರೋಕಿಗೆ ಮೊದಲಿನ ಬಲಗೈಯ ಅಕ್ಷರ. 'ಯಾರಿಗಾಗಿ' ಎಂಬಲ್ಲಿ ಉಳಿದವರೆಲ್ಲ ಅಮ್ಮ, ಮಾವ, ಅತ್ತೆ ಎಂದು ಬರೆದಿದ್ದರು. ಅವಳು ಬರೆದದ್ದು 'ಸ್ವಂತಕ್ಕೆ'.

ಲೀಲಮ್ಮ ಬಂದು ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದರು.

ಆ ಸೋಮವಾರ ನಾನು ಬೆನ್ನಿನ ಸ್ಕ್ಯಾನಿಗೆಂದು ಪುತ್ತೂರಿಗೆ ಹೋಗಿದ್ದೆ. ಅಕ್ಕನ ಹತ್ತಿರ ಪಕ್ಕದ ಮನೆಯ ಜಾನಕಿಯನ್ನು ಬಿಟ್ಟಿದ್ದೆ. ಮನೆಗೆ ಮರಳಿದವಳೇ ಜಾನಕಿಯನ್ನು ಹಿಡಿದು ಕೇಳಿದೆ. ಅವಳು ಮೊದಲು ತಡವರಿಸಿದಳು, ಮತ್ತೆ ಹೇಳಿದಳು. ಮಧ್ಯಾಹ್ನ ಮಲಗಿದ ಅಕ್ಕ ನಾಲ್ಕೂವರೆಯವರೆಗೆ ಏಳಲೇ ಇಲ್ಲವಂತೆ. ಕರೆದಳಂತೆ, ಅಲುಗಿಸಿದಳಂತೆ. "ಉಸಿರು ಉಂಟು, ಎಚ್ಚರ ಇಲ್ಲ. ಮತ್ತೆ ಅವರೇ ಕಣ್ಣು ಬಿಟ್ರು. ನಿಮಗೆ ಸುಮ್ಮನೆ ಹೆದರಿಕೆ ಯಾಕೆ ಅಂತ ಹೇಳ್ಲಿಲ್ಲ."

ನಾನು ಸುಲಭಕ್ಕೆ ಬಿಡುವವಳಲ್ಲ. ಐವರ್ನಾಡಿನಲ್ಲಿ ಬೇರೆ ದೇವಕಿ ಇದ್ದಾರೆಯೇ ಎಂದು ವಿಚಾರಿಸಿದೆ. ಒಬ್ಬಳಿದ್ದಾಳೆ, ಕಾಲೇಜಿಗೆ ಹೋಗುವ ಹುಡುಗಿ. ಪುಸ್ತಕದ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡಿದ್ದೆ. ಅಕ್ಕನ ಹಳೆಯ ಕಾಗದಗಳ ಜೊತೆ ಇಟ್ಟು ಅಕ್ಷರ ಅಕ್ಷರ ನೋಡಿದೆ. 'ಕ'ದ ಬಾಲ ಕೂಡ ಅದೇ.

ಕೊನೆಗೆ ಒಂದು ದಿನ ಬೆಳಗ್ಗೆ, ಗಂಜಿ ಕುಡಿಸುತ್ತಾ, ಕಡಬದಲ್ಲಿ ಒಂದು ಜಾಗವಿದೆ ಎಂದು ಅವಳಿಗೆ ಹೇಳತೊಡಗಿದೆ. ಮುಗಿಸಲು ಬಿಡಲಿಲ್ಲ. ಎಡಗೈ ಎತ್ತಿ ಕಪಾಟಿನ ಮೇಲಿದ್ದ ತನ್ನ ಬಟ್ಟೆಯ ಚೀಲ ತೋರಿಸಿದಳು. ನಾನು ಗಂಜಿಯ ಬಟ್ಟಲು ಕೆಳಗಿಟ್ಟು ಹೊರಗೆ ಹೋದೆ.

ಅವಳನ್ನು ಸೇರಿಸಿದ ದಿನ ಗಾಲಿಕುರ್ಚಿ ತಳ್ಳುತ್ತಾ ಒಳಗೆ ಬಂದಾಗ ಭವಾನಿ ಅಡುಗೆ ಕೋಣೆಯಿಂದ ಹೊರಗೆ ಬಂದಳು. ಅಕ್ಕನನ್ನು ನೋಡಿ ಅವಳ ಮುಖ ಬಿಳುಚಿತು. ನನ್ನನ್ನು ಪಕ್ಕಕ್ಕೆ ಕರೆದು, "ಮುಖ ಇದೇ. ಆದ್ರೆ ಅವತ್ತು ಅವರು ನಡೆದುಕೊಂಡೇ ಬಂದದ್ದಲ್ವಾ?" ಎಂದಳು.

ಅಕ್ಕ ಈಗಲೂ ಅಲ್ಲಿದ್ದಾಳೆ. ಚೆನ್ನಾಗಿ ನೋಡಿಕೊಳ್ಳುತ್ತಾರೆ. ಭಾನುವಾರ ಭಾನುವಾರ ಹೋಗುತ್ತೇನೆ, ಉಗುರು, ಹಿಮ್ಮಡಿ ನೋಡುತ್ತೇನೆ, ಹತ್ತಿರ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತೇನೆ. ಅಂದು ಬಂದದ್ದು ನೀನೇನಾ ಎಂದು ಒಮ್ಮೆ ಕೇಳಿದರೆ ಸಾಕು, ಹೌದೋ ಅಲ್ಲವೋ ಅವಳು ತಲೆ ಅಲ್ಲಾಡಿಸಿಯಾಳು. ನಾಲ್ಕು ವರ್ಷದಿಂದ ಆ ಒಂದು ಮಾತು ಕೇಳಲಾಗಿಲ್ಲ. ಅವಳು ಹೌದೆಂದರೆ, ಮಂಚ ಬಿಟ್ಟು ಕಡಬದವರೆಗೆ ಬಂದವಳು ಹಟ್ಟಿಯ ಹಿಂದೆ ನಾನು ಆಡಿದ ಮಾತನ್ನೂ ಕೇಳಿಸಿಕೊಂಡಿದ್ದಾಳೆ.