ಭೌತಶಾಸ್ತ್ರದ ಮೇಷ್ಟ್ರ ತಿರುಗುವ ಕುರ್ಚಿ

ಆಲ್ದೂರಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ಕಾಫಿ ಎಸ್ಟೇಟ್ ಆಫೀಸಿನಿಂದ, ಅಲ್ಲಿನ ಲೆಕ್ಕ ಬರೆಯುವ ರೈಟರ್ ಕೂರುತ್ತಿದ್ದ ಹಳೇ ತಿರುಗುವ ಕುರ್ಚಿಯನ್ನು ಕೇಳಿ ತಂದಿದ್ದರು. ಅದರಲ್ಲಿ ಒಬ್ಬನನ್ನು ಕೂರಿಸಿ, ಗಿರ್ರನೆ ತಿರುಗಿಸಿ, ಎದುರಿಗಿದ್ದವರತ್ತ ಚೆಂಡು ಎಸೆಯಿಸುತ್ತಿದ್ದರು. ಚೆಂಡು ಬಾಗಿತೆಂದು ಅವನು ಕೂಗಿದರೆ, "ಚೆಂಡು ನೆಟ್ಟಗೇ ಹೋಯ್ತು ಮಾರಾಯ, ತಿರುಗಿದ್ದು ನೀನು" ಎನ್ನುತ್ತಿದ್ದರು.

ಅವರಿಗೆ ತಲೆಸುತ್ತಿನ ಕಾಯಿಲೆಯಿತ್ತು. ಗೊತ್ತಾದರೆ ಪಾಠ ಮಾಡುವುದನ್ನೇ ಬಿಡಿಸಿಬಿಡುತ್ತಾರೆಂದು ಅದನ್ನು ಮುಚ್ಚಿಟ್ಟಿದ್ದರಂತೆ. ಒಂದು ದಿನ ಬೋರ್ಡಿಗೆ ಕೈಯೂರಿ, "ಯಾರ್ರೋ ಕೋಣೆ ತಿರುಗಿಸ್ತಿರೋದು?" ಎಂದರು. ತಮಾಷೆಯೆಂದುಕೊಂಡು ತರಗತಿ ನಕ್ಕಿತು. ಅವರೂ ನಕ್ಕರೆಂದು ನನ್ನ ನೆನಪು. ಅದನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೈ ಚಾಚಿದಳು.

"ಬೇಡಮ್ಮ, ನೀನೂ ತಿರುಗ್ತಿದ್ದೀಯ" ಎಂದವರು, ಗೋಡೆ ಸವರುತ್ತಾ ಬಾಗಿಲು ಹುಡುಕಿಕೊಂಡು ಹೋದರು. ಮತ್ತೆ ಪಾಠಕ್ಕೆ ಬರಲಿಲ್ಲ.