ಹುಡುಗಿಯ ದನಿ ಜೋರಾಯಿತಂತೆ

ಗೆಳತಿಯರೇ, ಇವತ್ತು ಬಚ್ಚಲುಮನೆಯ ಟೈಲ್ಸ್ ಒಡೆಸುತ್ತಿದ್ದೆ. ಪಕ್ಕದ ಮನೆಯ ಗಿರಿಜಮ್ಮ ಕಾಂಪೌಂಡ್ ಹತ್ತಿರ ಬಂದು, "ಅಕ್ಕಾರೆ, ಒಂದು ತಾಸು..." ಎಂದಳು. ದೂರು ಹೇಳಲು ಬಂದಳೆಂದುಕೊಂಡು ಮಾತು ಮುಗಿಸಲು ಬಿಡಲಿಲ್ಲ. "ನಮ್ಮ ಮನಿ, ನಾವು ಒಡಸ್ತೀವಿ. ಕಿವಿಗೆ ಹತ್ತಿ ಇಟ್ಕೊಳ್ರಿ" ಎಂದುಬಿಟ್ಟೆ. ಅವಳು ಒಳಗೆ ಹೋದಳು.

ಅವಳ ಮಗಳು ಸುಮಾಳನ್ನು ನೋಡಲು ಹರಿಹರದಿಂದ ಗಂಡಿನವರು ಬಂದಿದ್ದರಂತೆ. ಆ ಹುಡುಗಿ ನಮ್ಮ ಬಾಗಿಲಲ್ಲೇ ನಿಂತು ಕರೆದರೂ ನನಗೆ ಕೇಳಿಸುವುದಿಲ್ಲ, ಅಷ್ಟು ಮೆತ್ತನೆಯ ದನಿ. ಇವತ್ತು ಟೈಲ್ಸ್ ಒಡೆಯುವ ಮಷಿನ್ನಿನ ಸದ್ದಿಗೆ ಪಾಪ, ಕೇಳಿದ್ದಕ್ಕೆಲ್ಲ ಕೂಗಿಯೇ ಉತ್ತರ ಕೊಟ್ಟಿದ್ದಾಳೆ.

ಅವರು ಹೊರಡುವ ಹೊತ್ತಿಗೆ ನಮ್ಮ ಆಳುಗಳು ಊಟಕ್ಕೆಂದು ಮಷಿನ್ ನಿಲ್ಲಿಸಿದ್ದರು. ಹುಡುಗನ ತಾಯಿ ಚಪ್ಪಲಿ ಮೆಟ್ಟುತ್ತಾ ಹೇಳಿದ್ದು ನನ್ನ ಗೇಟಿನವರೆಗೂ ಕೇಳಿಸಿತು: "ಹುಡುಗಿ ಚಂದ ಅದಾಳ್ರಿ. ದನಿ ಮಾತ್ರ ಭಾಳ ಜೋರೈತೆ. ನಮ್ಮ ಮನಿಗೆ ಹೊಂದಂಗಿಲ್ಲ ಬಿಡ್ರಿ."

ಸಂಜೆ ಹೋದೆ. ಗಿರಿಜಮ್ಮ ಚಹಾ ಕೊಟ್ಟು, "ಇರ್ಲಿ ಬಿಡ್ರಿ ಅಕ್ಕಾರೆ, ಇನ್ನೊಂದು ಕಡೆಯೋರು ಬಂದ್ರೆ ನಿಮಗೆ ಮೊದ್ಲೇ ಹೇಳ್ತೀವಿ" ಎಂದಳು.

ಮೊದಲೇ ಹೇಳಬೇಕಾಗಿದ್ದವಳು ನಾನು. ಅವಳೆದುರು ಈ ಮಾತು ಬಾಯಿಗೆ ಬರಲಿಲ್ಲ. ಇಲ್ಲಿ ನೋಡಿ, ಎಷ್ಟು ಸಲೀಸಾಗಿ ಬರೆದುಬಿಟ್ಟೆ!